ಅರ್ಧ ನಿಂಬೆಹಣ್ಣು

“ಮೇಡಂ, ಗಾಯ ಒಮ್ಮೆ ಮಾಯ್ದ ಮೇಲೆ ಅಲ್ಲಿ ದೇಹಕ್ಕೆ ಇನ್ನೇನು ಕೆಲಸ ಉಳಿದಿರುತ್ತದೆ?”

ಕೇಳಿದವನು ಚನ್ನವೀರ, ವೈದ್ಯಕೀಯ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ. ಕೇಳಿದ್ದು ನೀಲಮ್ಮ ಮೇಡಂ ಅವರನ್ನು. ಅವರು ಅಲ್ಲಿ ಶರೀರರಚನೆ ಕಲಿಸುತ್ತಿದ್ದರು. ಕಲಿಸುವುದರಲ್ಲಿ ಎಷ್ಟು ಹೆಸರೋ ಬೈಯುವುದರಲ್ಲಿಯೂ ಅಷ್ಟೇ ಹೆಸರು.

ಪಾಠ ಮುಗಿದಿತ್ತು. ಉಳಿದವರೆಲ್ಲ ಊಟಕ್ಕೆ ಹೋಗಿದ್ದರು. ಮೇಜಿನ ಮೇಲೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ದೇಹವಿತ್ತು. ಅದರ ಮುಂಗೈ ಮೇಲೆ ಹಳೆಯ ಗಾಯದ ಕಲೆಯೊಂದಿತ್ತು. ಚನ್ನವೀರ ಆ ಕಲೆಯ ಪಕ್ಕದ ಚರ್ಮ ಬಿಡಿಸಿ, ಸ್ನಾಯುವಿನ ಮೇಲಿನ ಬಿಳಿ ಪೊರೆಯನ್ನು ಚಿಮುಟದಿಂದ ಕಿತ್ತು ಬಕೆಟ್ಟಿಗೆ ಹಾಕುತ್ತಿದ್ದ. ನಡುನಡುವೆ ಎದ್ದು ಕಿಟಕಿಗೆ ಹೋಗುತ್ತಿದ್ದ. ಮತ್ತೆ ಬಂದು ಕೂರುತ್ತಿದ್ದ.

ಅಷ್ಟರಲ್ಲಿ ಕಾವಲುಗಾರ ಎರಡು ಸಲ ಬಂದು ಹೋಗಿದ್ದ. ಚನ್ನವೀರನ ಅಕ್ಕ ಉಮಾ ಬೆಳಿಗ್ಗೆಯಿಂದ ಕಾಲೇಜಿನ ಗೇಟಿನ ಹತ್ತಿರ ನಿಂತಿದ್ದಾಳೆ, ಕೈಯಲ್ಲಿ ಊಟದ ಡಬ್ಬಿ ಇದೆ, ತಮ್ಮನನ್ನು ಕಳಿಸಿ ಎಂದು ಕೇಳುತ್ತಿದ್ದಾಳೆ ಎಂದು ಹೇಳಿದ್ದ. ಎರಡು ಸಲವೂ ಚನ್ನವೀರ “ಕ್ಲಾಸಿದೆ ಅಂತ ಹೇಳಿ” ಎಂದು ಕಳಿಸಿದ್ದ.

ನೀಲಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. “ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೋ ಓಡಾಡುತ್ತೀ? ಅಕ್ಕನ ಜೊತೆ ಜಗಳವೇನು?” ಎಂದರು.

“ಜಗಳ ಇಲ್ಲ ಮೇಡಂ. ಹಿಂದೆ ಇತ್ತು. ಅವಳ ಮದುವೆಯಲ್ಲಿ ನಾನು ಭಾವನಿಗೆ ನಾಲ್ಕು ಜನರ ಮುಂದೆ ಆಡಬಾರದ ಮಾತು ಆಡಿದ್ದೆ. ಮಗುವಿನ ನಾಮಕರಣದ ದಿನ ಎಲ್ಲ ರಾಜಿಯಾಯಿತು. ನಾನು ಕೈ ಮುಗಿದೆ, ಅವಳು ಅತ್ತಳು. ಅಲ್ಲಿಗೆ ಮುಗಿಯಿತಲ್ಲ? ಆಮೇಲೆ ನಾನು ಅವಳ ಮನೆ ಕಡೆ ಹೋಗಲಿಲ್ಲ, ಅಷ್ಟೆ. ಈಗ ಊರಿಂದ ಬಂದು, ನಿನಗೆ ಇನ್ನೂ ಸಿಟ್ಟೇನೋ ಎಂದು ಕೇಳಿ ಕಳಿಸುತ್ತಾಳೆ. ಇಲ್ಲದ ಗಾಯವನ್ನು ಯಾಕೆ ಕೆದಕಬೇಕು?”

ನೀಲಮ್ಮ ಬಕೆಟ್ಟಿಗೆ ಚಿಮುಟ ಹಾಕಿ, ಅವನು ಎಸೆದಿದ್ದ ಬಿಳಿ ಪೊರೆಯ ಚೂರೊಂದನ್ನು ಎತ್ತಿ ಹಿಡಿದರು. “ಇದನ್ನು ಕಸ ಅಂದುಕೊಂಡೆಯಾ?”

“ಕೆಳಗಿನ ಸ್ನಾಯು ಕಾಣಬೇಕಲ್ಲ ಮೇಡಂ. ಇದು ನಡುವೆ ತುಂಬಿದ ಸರಕು.”

“ತುಂಬಿದ ಸರಕಂತೆ! ಅಯ್ಯೋ ನಿನ್ನ ಜಾಣತನಕ್ಕಿಷ್ಟು. ಎಲ್ಲರೂ ಪಲ್ಲಕ್ಕಿ ಹತ್ತಿದರೆ ಹೊರುವವರು ಯಾರಪ್ಪ? ಸಂಯೋಜಕ ಅಂಗಾಂಶ ಎಂದು ಪುಸ್ತಕದಲ್ಲಿ ಗಟ್ಟು ಹೊಡೆದಿದ್ದೀಯಲ್ಲ, ಅದು ಇದೇ. ಬೇರೆ ಅಂಗಾಂಶಗಳಲ್ಲಿ ಜೀವಕೋಶಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಇದರಲ್ಲಿ ಅಲ್ಲೊಂದು ಇಲ್ಲೊಂದು. ನಡುವಿನ ಜಾಗವೇ ಹೆಚ್ಚು. ಆ ಜಾಗದಲ್ಲಿ ಲೋಳೆ, ಲೋಳೆಯೊಳಗೆ ನಾರು. ಜಗ್ಗಿದರೂ ಜಗ್ಗದ ನಾರು ಒಂದು ಬಗೆ. ಎಳೆದು ಬಿಟ್ಟರೆ ತನ್ನ ಅಳತೆಗೆ ತಾನೇ ಬರುವುದು ಇನ್ನೊಂದು. ಬಲೆಯ ಹಾಗೆ ಹರಡಿಕೊಳ್ಳುವ ಸಣ್ಣ ನಾರೂ ಉಂಟು. ಸ್ನಾಯುವನ್ನು ಮೂಳೆಗೆ ಕಟ್ಟಿದ ಹುರಿ ಇದೇ ಕುಲದ್ದು. ಮೂಳೆಗೆ ಮೂಳೆ ಕಟ್ಟಿದ ಪಟ್ಟಿಯೂ ಇದೇ ಕುಲ. ಕಿವಿಯ ಮೃದ್ವಸ್ಥಿ, ನನ್ನ ಸೊಂಟದ ಕೊಬ್ಬು, ಎಲ್ಲ ಇದೇ. ನಡುವಿನ ಜಾಗದಲ್ಲಿ ಸುಣ್ಣ ಕೂತು ಗಟ್ಟಿಯಾದರೆ ಮೂಳೆ ಅನ್ನುತ್ತೀರಿ, ತೆಳ್ಳಗೆ ಹರಿದರೆ ರಕ್ತ ಅನ್ನುತ್ತೀರಿ. ಹೌದು ಮಗನೇ, ರಕ್ತವೂ ಈ ಮನೆತನದ್ದೇ. ಕಟ್ಟುವುದು, ಹೊರುವುದು, ಸಾಗಿಸುವುದು, ಬೆಚ್ಚಗಿಡುವುದು, ಕಷ್ಟಕಾಲಕ್ಕೆ ಕೂಡಿಡುವುದು, ರೋಗ ನುಗ್ಗಿದರೆ ಎದುರು ನಿಲ್ಲುವುದು, ಹರಿದರೆ ಹೊಲಿಯುವುದು, ಎಲ್ಲ ಇದರ ತಲೆಗೇ. ಹೆಸರು ಮಾತ್ರ ಸ್ನಾಯುವಿಗೆ, ನರಕ್ಕೆ.”

“ಅದು ಸರಿ ಮೇಡಂ. ನಾನು ಕೇಳಿದ್ದು ಮಾಯ್ದ ಗಾಯದ ವಿಷಯ.”

“ಅದನ್ನೇ ಹೇಳಲು ಹೊರಟಿದ್ದೇನೆ. ಮೊದಲು ಆ ಕಿಟಕಿ ಬಿಟ್ಟು ಇಲ್ಲಿ ಬಂದು ಕೂತುಕೋ.”

ಚನ್ನವೀರ ಕೂತ. ನೀಲಮ್ಮ ಹೇಳಿದರು.

ಮಠವಿದ್ದ ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ಇಬ್ಬರೂ ಅಡಿಗೆಯವರು. ಮದುವೆ, ಮುಂಜಿ, ಆರಾಧನೆ, ಯಾವುದಿದ್ದರೂ ಇವರಿಬ್ಬರೇ ಆಗಬೇಕು. ಅಣ್ಣ ಒಲೆಯ ಮುಂದೆ, ತಮ್ಮ ಈಳಿಗೆಮಣೆಯ ಮುಂದೆ. ಇವನು ಹೆಚ್ಚಿ ಕೊಟ್ಟಿದ್ದನ್ನು ಅವನು ಬೇಯಿಸುತ್ತಿದ್ದ. ಅಣ್ಣನಿಗೆ ಮೂಗಿನ ತುದಿಯಲ್ಲಿ ಸಿಟ್ಟು. ತಮ್ಮನ ಸಿಟ್ಟು ಹೊರಗೆ ಬರುತ್ತಿರಲಿಲ್ಲ. ಬಂದದ್ದನ್ನು ಒಳಗೇ ಇಟ್ಟುಕೊಳ್ಳುತ್ತಿದ್ದ. ಯಾವುದು ಹೆಚ್ಚು ಕಷ್ಟ ಅಂತ ನನ್ನನ್ನು ಕೇಳಬೇಡ.

ಇಬ್ಬರಿಗೂ ಇನ್ನೂ ಮೀಸೆ ಬಲಿಯದ ಕಾಲದಲ್ಲಿ ಒಂದು ಮದುವೆ ಮನೆಯಲ್ಲಿ ಹುಳಿಗೆ ಉಪ್ಪು ಹಾಕಿದ್ದಾರೋ ಇಲ್ಲವೋ ಎಂಬ ಅನುಮಾನ ಬಂತು. ಮಡಿಯ ಅಡಿಗೆ, ದೇವರಿಗೆ ನೈವೇದ್ಯವಾಗುವ ಮೊದಲು ರುಚಿ ನೋಡುವಂತಿಲ್ಲ. ಅಣ್ಣ ಹಾಕಿಲ್ಲವೆಂದು ತಮ್ಮ ಹಾಕಿದ. ತಮ್ಮ ಹಾಕಿಲ್ಲವೆಂದು ಅಣ್ಣನೂ ಹಾಕಿದ. ಬೀಗರ ಪಂಕ್ತಿಯಲ್ಲಿ ಮೊದಲ ತುತ್ತಿಗೇ ಎಲ್ಲರ ಮುಖ ಹುಳ್ಳಗಾಯಿತು. ಒಳಗೆ ಬಂದು ಇವನು ನೀನು ಅಂದ, ಅವನು ನೀನು ಅಂದ. ಮಾತಿಗೆ ಮಾತು ಬೆಳೆಯಿತು. ಅಣ್ಣ ತಳ್ಳಿದ. ತಮ್ಮ ಈಳಿಗೆಯ ಮೇಲೆ ಬಿದ್ದ. ಮುಂಗೈ ಮಣಿಕಟ್ಟಿನಿಂದ ಮೊಣಕೈವರೆಗೂ ಸೀಳಿ ಹೋಯಿತು.

ಹೊಲಿಗೆ ಹಾಕಿಸಿದರು. ತಮ್ಮ ಕೈಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಅಡಿಗೆ ಮನೆಗೆ ಬಂದ. ಒಂದೇ ಕೈಯಲ್ಲಿ ಆದಷ್ಟು ಮಾಡಿದ. ಊರೆಲ್ಲ ಉಂಡು ಎದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ಉಣ್ಣುವವರು ಅಡಿಗೆಯವರು. ಇಬ್ಬರೂ ಎಲೆ ಹಾಕಿಕೊಂಡು ಕೂತರು. ಅನ್ನದ ಪಕ್ಕ ನಿಂಬೆಹಣ್ಣಿನ ಹೋಳಿತ್ತು. ಒಂದು ಕೈಯಲ್ಲಿ ಅದನ್ನು ಹಿಂಡಲು ತಮ್ಮನಿಗೆ ಆಗಲಿಲ್ಲ. ಅಣ್ಣ ನೋಡಿದ. ಒಂದು ಹಣ್ಣು ಕೊಯ್ದು, ಅರ್ಧ ತಮ್ಮನ ಎಲೆಗೆ ಹಿಂಡಿದ, ಅರ್ಧ ತನ್ನ ಎಲೆಗೆ ಹಿಂಡಿಕೊಂಡ. ತಪ್ಪಾಯಿತು ಅಂತ ಅವನು ಅನ್ನಲಿಲ್ಲ, ಆಯಿತು ಬಿಡು ಅಂತ ಇವನೂ ಅನ್ನಲಿಲ್ಲ. ಉಂಡರು.

ಕೈ ವಾಸಿಯಾಯಿತು. ಉದ್ದನೆಯ ಕಲೆಯೊಂದು ಉಳಿಯಿತು. ಆದರೆ ಅಣ್ಣ ನಿಂಬೆಹಣ್ಣು ಹಿಂಡುವುದನ್ನು ನಿಲ್ಲಿಸಲಿಲ್ಲ. ಎರಡೂ ಕೈ ಗಟ್ಟಿಯಿದ್ದ ತಮ್ಮನೂ ನಾನೇ ಹಿಂಡಿಕೊಳ್ಳುತ್ತೇನೆ ಎಂದು ಒಂದು ದಿನವೂ ಹೇಳಲಿಲ್ಲ. ಎಲೆಯನ್ನು ಮುಂದಕ್ಕೆ ಜರುಗಿಸುತ್ತಿದ್ದ. ವರ್ಷಗಳು ಹೀಗೇ ಕಳೆದವು. ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದರು, ಕೂದಲು ನರೆಯಿತು. ಎಲ್ಲಿ ಅಡಿಗೆಗೆ ಹೋದರೂ ಕೊನೆಗೆ ಆ ಒಂದು ಹಣ್ಣು ಎರಡಾಗುತ್ತಿತ್ತು. ಯಾಕೆ ಎಂದು ಹೊಸದಾಗಿ ಬಂದವರು ಕೇಳಿದರೆ, ಹಾಗೇ ರೂಢಿ ಅನ್ನುತ್ತಿದ್ದರು.

ಒಂದು ಆಷಾಢದಲ್ಲಿ ಚಾತುರ್ಮಾಸ್ಯ ಹತ್ತಿರ ಬಂತು. ಆ ಕಡೆ ನಿಷ್ಠೆಯುಳ್ಳವರು ನಾಲ್ಕು ತಿಂಗಳು ನಾಲ್ಕು ವ್ರತ ಹಿಡಿಯುತ್ತಾರೆ, ಉಳಿದವರು ಎಂದಿನಂತೆ ಉಣ್ಣುತ್ತಾರೆ. ಮೊದಲ ತಿಂಗಳು ಶಾಕವ್ರತ. ಆ ತಿಂಗಳು ಕಾಯಿಪಲ್ಯ, ಸೊಪ್ಪು, ಹಣ್ಣು, ಹುಣಸೆ ಇವನ್ನೆಲ್ಲ ಬಿಡಬೇಕು. ಮುಂದಿನ ತಿಂಗಳು ಮೊಸರು ಬಿಡಬೇಕು, ಅದರ ಮುಂದೆ ಹಾಲು, ಆಮೇಲೆ ಬೇಳೆಕಾಳು. ಒಂದನ್ನು ಬಿಟ್ಟಾಗ ಹಿಂದೆ ಬಿಟ್ಟದ್ದು ಎಲೆಗೆ ಮರಳಿ ಬರುತ್ತದೆ. ಕಟ್ಟಳೆ ಮಾಡಿದ ಹಿರಿಯರೇನು ದಡ್ಡರಲ್ಲ. ದಡ್ಡರಾಗುವುದು ಹಿರಿಯರಿಗಿಂತ ಒಂದು ಕೈ ಮುಂದೆ ಹೋಗುತ್ತೇವೆ ಅನ್ನುವವರು.

ಊಟದ ಪಂಕ್ತಿಯಲ್ಲಿ ಒಬ್ಬರು ತಮಾಷೆಗೆ ಅಂದರು: “ಅಡಿಗೆಯವರಿಗೆಲ್ಲಿಯ ವ್ರತ ಬಿಡಿ. ದಿನವೆಲ್ಲ ತರಕಾರಿ ರಾಶಿಯಲ್ಲೇ ಕೂತಿರುತ್ತಾರೆ, ಬಾಯಿ ಕಟ್ಟುವುದು ಆಗುವ ಮಾತೇ?” ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ತಮ್ಮ ನಗಲಿಲ್ಲ.

ಅವನು ಶಾಕವ್ರತ ಹಿಡಿದ. ದಿನವೆಲ್ಲ ಕುಂಬಳ, ಸೌತೆ, ಹೀರೆ ಹೆಚ್ಚುತ್ತಿದ್ದ. ಒಂದು ಚೂರನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಕೊನೆಯ ಪಂಕ್ತಿಗೂ ಬರಲಿಲ್ಲ. ಮೂಲೆಯಲ್ಲಿ ಬೇರೆ ಎಲೆ ಹಾಕಿಕೊಂಡು ಅನ್ನ, ತೊವ್ವೆ, ತುಪ್ಪ, ಕಾಯಿಸಿದ ಹಾಲು, ಇಷ್ಟರಲ್ಲಿ ಮುಗಿಸುತ್ತಿದ್ದ. ಅಣ್ಣ ರೂಢಿಯಂತೆ ಹಣ್ಣು ಕೊಯ್ಯುತ್ತಿದ್ದ. ಅರ್ಧ ಹಿಂಡಿಕೊಳ್ಳುತ್ತಿದ್ದ. ಉಳಿದರ್ಧ ತಟ್ಟೆಯಲ್ಲಿ ಒಣಗುತ್ತಿತ್ತು. ಇರಲಿ, ಒಂದು ತಿಂಗಳು ತಾನೇ ಅಂದುಕೊಂಡ.

ತಿಂಗಳು ಮುಗಿಯಿತು. ಊರಲ್ಲಿ ತಮ್ಮನ ಹೆಸರು ಎದ್ದಿತ್ತು. “ಎಂಥ ನಿಷ್ಠೆ! ಈಳಿಗೆ ಮುಂದೆ ಕೂತೂ ಗೆದ್ದ” ಅನ್ನುತ್ತಿದ್ದರು. ಹೊಗಳಿಕೆ ಅನ್ನುವುದು ತುಪ್ಪದ ಹಾಗೆ, ಬಡಿಸಿದಷ್ಟೂ ಇನ್ನೊಂದು ಮಿಳ್ಳೆ ಇರಲಿ ಅನ್ನಿಸುತ್ತದೆ. “ನಾಲ್ಕು ತಿಂಗಳೂ ಶಾಕವ್ರತವನ್ನೇ ಹಿಡಿಯುತ್ತೇನೆ, ತುಳಸಿ ಹಬ್ಬದ ದ್ವಾದಶಿಗೇ ಬಿಡುವುದು” ಎಂದು ಪಂಕ್ತಿಯ ನಡುವೆ ನಿಂತು ಹೇಳಿಬಿಟ್ಟ.

ಅಣ್ಣ ಕರೆದ. “ತಿಂಗಳಾಯಿತಲ್ಲೋ, ಎಲೆ ಇಲ್ಲಿ ಹಾಕಿಕೋ ಬಾ.”

“ಮಾತು ಕೊಟ್ಟಿದ್ದೇನೆ ಅಣ್ಣಾ.”

ಅಣ್ಣನಿಗೆ ಬೇಸರವಾಯಿತು. ಆ ದಿನದಿಂದ ನಿಂಬೆಹಣ್ಣು ಕೊಯ್ಯುವುದನ್ನು ಬಿಟ್ಟ. ಒಂದೇ ಅರ್ಧ ಹಿಂಡಿಕೊಂಡು ಉಣ್ಣುವುದು ಅವನಿಗೂ ಸೇರಲಿಲ್ಲ.

ಶ್ರಾವಣ ಕಳೆಯಿತು, ಭಾದ್ರಪದ ಬಂತು. ತಮ್ಮನಿಗೆ ಮೈಯಲ್ಲಿ ಏನೋ ತಳಮಳ ಶುರುವಾಯಿತು. ಕೂತರೆ ನಿಲ್ಲೋಣ, ನಿಂತರೆ ಕೂರೋಣ. ಮಲಗಿದರೆ ಕಾಲಿನ ಕೀಲು ಸೆಳೆಯುತ್ತಿತ್ತು. ಹೆಂಡತಿ ಏನು ಕೇಳಿದರೂ ರೇಗುತ್ತಿದ್ದ. ಮೊಣಕಾಲ ಕೆಳಗೆ, ಏಟು ಬೀಳದಿದ್ದರೂ ನೀಲಿ ಕಲೆಗಳು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ. ಅಡಿಗೆಯವನ ಬಾಯಲ್ಲಿ ರಕ್ತ ಕಂಡರೆ ಯಾರು ಕರೆಯುತ್ತಾರೆ? ಬಾಯಿ ಮುಚ್ಚಿಕೊಂಡಿದ್ದ. ವ್ರತದ ದಣಿವು ಎಂದು ತನಗೆ ತಾನೇ ಹೇಳಿಕೊಂಡ. ಪುಣ್ಯ ಕೂಡುತ್ತಿದೆ ಅಂದುಕೊಂಡನೋ ಏನೋ!

ಇಲ್ಲಿಗೆ ಚನ್ನವೀರ ಮತ್ತೆ ಎದ್ದು ಕಿಟಕಿಗೆ ಹೋಗಿ ಬಂದ. ನೀಲಮ್ಮ ಅವನು ಕೂರುವವರೆಗೆ ಕಾದರು.

“ಇದ್ದಾಳೆಯೇ?”

“ಇದ್ದಾಳೆ ಮೇಡಂ. ಕಲ್ಲಿನ ಮೇಲೆ ಕೂತಿದ್ದಾಳೆ.”

“ಸರಿ, ಕೇಳು” ಎಂದು ಮುಂದುವರಿಸಿದರು.

ನವರಾತ್ರಿಯಲ್ಲಿ ದೊಡ್ಡ ಸಂತರ್ಪಣೆ. ಅನ್ನದ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಬೇಕಾಗಿತ್ತು. ಆ ಕಡೆ ಅಣ್ಣ, ಈ ಕಡೆ ತಮ್ಮ. ಎತ್ತಿದರು. ಎತ್ತಿದ ಭಾರಕ್ಕೆ ತಮ್ಮನ ಮುಂಗೈಯ ಹಳೆಯ ಕಲೆ ಬಿಚ್ಚಿಕೊಂಡಿತು. ಕತ್ತಿಯಿಲ್ಲ, ಏಟಿಲ್ಲ. ಅಂದು ಹೊಲಿದ ಜಾಗ ಹೊಲಿಗೆ ಬಿಟ್ಟ ಚೀಲದ ಹಾಗೆ ತೆರೆದುಕೊಂಡಿತು. ರಕ್ತ ಅನ್ನದ ಮೇಲೆ ಬಿತ್ತು.

ಅಷ್ಟೂ ಅನ್ನವನ್ನು ಚೆಲ್ಲಬೇಕಾಯಿತು. ಹೊರಗೆ ಎಲೆ ಹಾಕಿ ಕೂತವರು ಕೂತೇ ಇದ್ದರು. ಅಣ್ಣ ತಮ್ಮನ ಕೈಗೆ ಬಟ್ಟೆ ಸುತ್ತಲು ಬಂದ. ತಮ್ಮ ಕೈ ಕೊಸರಿಕೊಂಡ. ಇಷ್ಟು ದಿನದ ತಳಮಳ, ಅಷ್ಟೂ ವರ್ಷ ಒಳಗೇ ಇಟ್ಟುಕೊಂಡಿದ್ದ ಸಿಟ್ಟು, ಎರಡೂ ಒಟ್ಟಿಗೆ ಹೊರಬಿದ್ದವು.

“ಮುಟ್ಟಬೇಡ! ಎಂದೋ ಮಾಯ್ದ ಗಾಯ ತಾನಾಗಿ ಬಿಚ್ಚುತ್ತದೆಯೇ? ಅಂದು ತಳ್ಳಿದ ಸಿಟ್ಟು ನಿನ್ನ ಮನಸ್ಸಿನಲ್ಲಿ ಇನ್ನೂ ಕೂತಿದೆ. ಅದಕ್ಕೇ ಬಿಚ್ಚಿತು.”

ಅಡಿಗೆಮನೆಯಲ್ಲಿದ್ದ ಎಲ್ಲರೂ ಕೇಳಿದರು. ಅಣ್ಣನಿಗೆ ಸಿಟ್ಟು ಬರಲಿಲ್ಲ. ಅದೇ ವಿಚಿತ್ರ. ಅವನಿಗೆ ಹೆದರಿಕೆಯಾಯಿತು. ಇರಬಹುದೇ, ನನಗೇ ಗೊತ್ತಿಲ್ಲದೆ ನನ್ನೊಳಗೆ ಇರಬಹುದೇ ಎಂದು ಹೆದರಿದ. ಹೊಸದಾಗಿ ಅಕ್ಕಿ ತೊಳೆದು, ಅನ್ನ ಮಾಡಿ, ಎಲ್ಲರಿಗೂ ಬಡಿಸುವವರೆಗೂ ನಿಂತ. ಆಮೇಲೆ ಸೌಟು ಕೆಳಗಿಟ್ಟು, ಊಟ ಮಾಡದೆ ಹೊರಟ. ಬೇರೊಂದು ಊರಿನ ಛತ್ರದಲ್ಲಿ ಅಡಿಗೆಗೆ ಸೇರಿಕೊಂಡ. ನಾನು ದೂರ ಇದ್ದರೆ ಅವನ ಗಾಯ ಕೂಡಬಹುದು ಅನ್ನುವುದು ಅವನ ಲೆಕ್ಕ.

ಗಾಯ ಕೂಡಲಿಲ್ಲ. ಇನ್ನೂ ಅಗಲವಾಯಿತು. ತಮ್ಮ ಹಾಸಿಗೆ ಹಿಡಿದ. ಹೆಂಡತಿ ದೃಷ್ಟಿ ತೆಗೆಸಿದಳು, ಅಂತ್ರ ಕಟ್ಟಿಸಿದಳು. ಕೊನೆಗೆ ವೈದ್ಯರೊಬ್ಬರನ್ನು ಕರೆತಂದಳು. ಊರೆಲ್ಲ ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ವೈದ್ಯರನ್ನು ನಾವು ಕರೆಯುವುದೇ ಕೊನೆಗೆ.

ವೈದ್ಯರು ಮೊದಲು ಗಾಯ ನೋಡಲಿಲ್ಲ. ಒಸಡು ನೋಡಿದರು, ಕಾಲು ನೋಡಿದರು. “ಊಟಕ್ಕೆ ಏನು ತಿನ್ನುತ್ತೀಯಪ್ಪ?” ಎಂದು ಕೇಳಿದರು. ಹೇಳಿದ. ಎಷ್ಟು ದಿನದಿಂದ ಎಂದು ಕೇಳಿದರು. ಅದನ್ನೂ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ.

ವೈದ್ಯರು ಅಂದರು: “ಗಾಯದ ಕಲೆ ಅಂದರೆ ಕಟ್ಟಿ ಮುಗಿಸಿದ ಗೋಡೆ ಅಂತ ತಿಳಿದಿದ್ದೀಯಾ? ಅಲ್ಲಿ ಕೆಲಸ ಎಂದೂ ಮುಗಿಯುವುದಿಲ್ಲ. ಹಳೆಯ ನಾರನ್ನು ಬಿಚ್ಚುವುದು, ಹೊಸ ನಾರನ್ನು ಕಟ್ಟುವುದು, ಎರಡೂ ದಿನಾ ನಡೆಯುತ್ತವೆ. ಮೈಯ ಉಳಿದ ಕಡೆಗಿಂತ ಕಲೆಯಲ್ಲಿ ಇನ್ನೂ ಜೋರಾಗಿ ನಡೆಯುತ್ತವೆ. ಆ ನಾರು ಮೂರು ಎಳೆ ಹೊಸೆದ ಹುರಿ. ಹೊಸೆತ ಬಿಗಿಯಾಗಿ ನಿಲ್ಲಬೇಕಾದರೆ ಸಿ ಜೀವಸತ್ವ ಬೇಕು. ನಿಂಬೆಯಲ್ಲಿದೆ, ನೆಲ್ಲಿಯಲ್ಲಿದೆ, ಹಸಿ ಸೊಪ್ಪಿನಲ್ಲಿದೆ. ಮನುಷ್ಯನ ದೇಹಕ್ಕೆ ಅದನ್ನು ತಾನೇ ಮಾಡಿಕೊಳ್ಳಲು ಬರುವುದಿಲ್ಲ, ಹೊರಗಿನಿಂದ ಯಾರಾದರೂ ಬಡಿಸಬೇಕು. ನೀನು ಬಾಗಿಲು ಹಾಕಿದೆ. ಬಿಚ್ಚುವವರು ಬಿಚ್ಚುತ್ತಲೇ ಇದ್ದಾರೆ. ಕಟ್ಟುವವರ ಕೈ ಖಾಲಿ. ಹೊಸ ಗಾಯ ಆಗಿಲ್ಲಪ್ಪ ನಿನಗೆ. ದಿನಾ ನಡೆಯುತ್ತಿದ್ದ ಕೆಲಸ ನಿಂತಿದೆ, ಅಷ್ಟೇ. ಇವತ್ತೇ ಹಣ್ಣು ತಿನ್ನಲು ಶುರು ಮಾಡು.”

“ದ್ವಾದಶಿ ಬರಲಿ” ಎಂದ ತಮ್ಮ.

“ಅಲ್ಲಿಯವರೆಗೆ ನೀನಿರಬೇಕಲ್ಲ! ಹೊರಗಿನ ಗಾಯ ಕಣ್ಣಿಗೆ ಕಾಣುತ್ತದೆ. ರಕ್ತನಾಳದ ಗೋಡೆಗೂ ಅದೇ ನಾರು. ಅದು ಒಳಗೆ ಬಿಚ್ಚಿಕೊಂಡರೆ ನನ್ನ ಕೈಯಲ್ಲಿ ಏನೂ ಇಲ್ಲ.”

“ಮಾತು ಕೊಟ್ಟಿದ್ದೇನೆ.”

“ಯಾರಿಗೆ?”

ತಮ್ಮ ಸುಳ್ಳು ಹೇಳುವವನಲ್ಲ. “ಊರಿಗೆ” ಎಂದ.

“ದೇವರಿಗೆ ಕೊಟ್ಟಿದ್ದರೆ ಬೇಡಿಕೊಳ್ಳಬಹುದಿತ್ತು. ಊರಿಗೆ ಕೊಟ್ಟರೆ ಯಾರ ಕಾಲು ಹಿಡಿಯೋಣ?” ಎಂದು ವೈದ್ಯರು ಚೀಲ ಎತ್ತಿಕೊಂಡರು.

ಹೆಂಡತಿ ನಿಂಬೆ ಪಾನಕ ಮಾಡಿ ತಂದಳು. ಅವನು ಗೋಡೆ ಕಡೆ ತಿರುಗಿ ಮಲಗಿದ. ಅತ್ತಳು. ಮಕ್ಕಳ ಮೇಲೆ ಆಣೆ ಇಟ್ಟಳು. ಅವನು ಕದಲಲಿಲ್ಲ. ಮಾರನೆಯ ದಿನ ಅವಳು ಬಸ್ಸು ಹತ್ತಿ ಆ ಛತ್ರದ ಊರಿಗೆ ಹೋದಳು. ಹಿತ್ತಲ ಬಾಗಿಲಲ್ಲಿ ನಿಂತು ಮೈದುಂಬ ಸೆರಗು ಹೊದ್ದು ಹೇಳಿದಳು: “ಭಾವನವರೇ, ನಮ್ಮ ಮನೆಯಲ್ಲಿ ನಿಂಬೆಹಣ್ಣು ಕೊಯ್ಯುವವರಿಲ್ಲ.”

ಅಣ್ಣ ಒಲೆಯಲ್ಲಿದ್ದ ಬೆಂಕಿಯನ್ನು ಇನ್ನೊಬ್ಬನಿಗೆ ಒಪ್ಪಿಸಿ ಅವಳ ಹಿಂದೆಯೇ ಹೊರಟ. ದಾರಿಯುದ್ದಕ್ಕೂ ವೈದ್ಯರು ಹೇಳಿದ್ದನ್ನು ಕೇಳಿಸಿಕೊಂಡ. ಕೇಳಿಸಿಕೊಂಡದ್ದನ್ನೇ ಮತ್ತೆ ಮತ್ತೆ ಹೇಳಿಸಿದ.

ಮನೆಗೆ ಬಂದು ತಮ್ಮನ ಮುಖ ನೋಡಿದ. ಗುರುತು ಸಿಗದಷ್ಟು ಇಳಿದುಹೋಗಿದ್ದ. ಅಣ್ಣನಿಗೆ ಅಳು ಬಂತು, ಅಳುವ ಬದಲು ಬೈದ. “ಹೊ! ಮಹಾ ತಪಸ್ವಿ ಮಲಗಿದ್ದಾರೆ. ಏಳೋ ಮೇಲಕ್ಕೆ.” ಎತ್ತಿ ಗೋಡೆಗೆ ಒರಗಿಸಿ ಕೂರಿಸಿದ. ಎರಡು ಎಲೆ ಹಾಕಿದ. ಅನ್ನ ಬಡಿಸಿದ. ಈಳಿಗೆಮಣೆ ತಂದು ಮುಂದೆ ಇಟ್ಟುಕೊಂಡ. ಅದೇ ಹಳೆಯ ಈಳಿಗೆ. ನಿಂಬೆಹಣ್ಣನ್ನು ಎರಡು ಹೋಳು ಮಾಡಿದ. ಒಂದನ್ನು ತನ್ನ ಎಲೆಗೆ ಹಿಂಡಿಕೊಂಡ. ಇನ್ನೊಂದನ್ನು ತಮ್ಮನ ಎಲೆಯ ಮೇಲೆ ಹಿಡಿದ. ಹಿಂಡಲಿಲ್ಲ.

“ಜನ ಏನಂತಾರೆ ಅಣ್ಣಾ?” ಎಂದ ತಮ್ಮ.

“ಜನ ಹೊಗಳಿದ್ದು ಒಂದು ತಿಂಗಳು. ನಾನು ನಿನ್ನ ಕೈ ಕೊಯ್ದದ್ದು ಒಂದು ದಿನ. ಆ ದಿನದಿಂದ ದಿನಾ ಹೊಲಿಯುತ್ತಾ ಬಂದಿದ್ದೇನೆ ಕಣೋ. ತಪ್ಪಾಯಿತು ಅನ್ನಲು ನನ್ನ ನಾಲಿಗೆ ಏಳಲಿಲ್ಲ, ಅದಕ್ಕೇ ಇಷ್ಟು ವರ್ಷ ಕೈಯಲ್ಲಿ ಅಂದೆ. ನೀನು ಎಲೆಯನ್ನೇ ಆ ಮೂಲೆಗೆ ಒಯ್ದೆ. ನಾನು ಎಲ್ಲಿ ಹೊಲಿಯಲಿ?”

ಅಣ್ಣ ಹೋಳನ್ನು ಹಾಗೇ ಹಿಡಿದುಕೊಂಡಿದ್ದ. ಹಿಂಡದೆಯೇ ಒಂದೆರಡು ಹನಿ ಎಲೆಯ ಅಂಚಿಗೆ ಬಿದ್ದವು. ಅವನು ಅನ್ನಕ್ಕೆ ಕೈ ಹಾಕಿರಲಿಲ್ಲ. ತಮ್ಮ ಉಣ್ಣದಿದ್ದರೆ ತಾನೂ ಉಣ್ಣುವುದಿಲ್ಲ ಅನ್ನುವುದು ನೋಡಿದರೇ ತಿಳಿಯುತ್ತಿತ್ತು. ತಮ್ಮ ಆ ಕೈ ನೋಡಿದ. ತನ್ನ ಮುಂಗೈಯ ಬಟ್ಟೆ ನೋಡಿದ. ಹೊರಗೆ ಯಾರೋ ಮಾತಾಡಿಕೊಂಡು ಹೋಗುವುದು ಕೇಳಿಸಿತು. ಬಾಗಿಲು ತೆರೆದೇ ಇತ್ತು. ಅವನು ಬಾಗಿಲ ಕಡೆ ಒಮ್ಮೆ ನೋಡಿ, ಆಮೇಲೆ ಎಲೆಯನ್ನು ಮುಂದಕ್ಕೆ ಜರುಗಿಸಿದ.

ಅಣ್ಣ ಹಿಂಡಿದ. ಇಬ್ಬರೂ ಉಂಡರು.

ಊರಿನವರು ಅಂದರು. ಅನ್ನದೆ ಬಿಡುತ್ತಾರೆಯೇ? ಎರಡು ದಿನ ಅಂದರು, ಮೂರನೆಯ ದಿನ ಅವರಿಗೆ ಬೇರೆ ವಿಷಯ ಸಿಕ್ಕಿತು. ತಮ್ಮನ ಒಸಡು ಮೊದಲು ಸರಿಯಾಯಿತು. ಆಮೇಲೆ ಕೀಲು ನೋವು ಹೋಯಿತು. ಗಾಯ ನಿಧಾನವಾಗಿ ಎರಡೂ ಕಡೆಯಿಂದ ಕೂಡಿಕೊಂಡಿತು. ತುಳಸಿ ಹಬ್ಬದ ದಿನ ಬೃಂದಾವನದಲ್ಲಿ ನೆಡುವ ನೆಲ್ಲಿಯ ಕೊಂಬೆಯನ್ನು ಅವನೇ ತಂದ. ಅದರಲ್ಲಿದ್ದ ನೆಲ್ಲಿಕಾಯಿಯಲ್ಲಿ ಒಂದನ್ನು ಕಚ್ಚಿ, ಹುಳಿಗೆ ಕಣ್ಣು ಮುಚ್ಚಿಕೊಂಡ. ಅಣ್ಣ ಅದನ್ನು ನೋಡಿ ಜೋರಾಗಿ ನಕ್ಕ. ಮತ್ತೆ ಅಡಿಗೆಗೆ ಒಟ್ಟಿಗೆ ಹೊರಟರು. ಹುಳಿಗೆ ಉಪ್ಪು ಹಾಕುವಾಗ ಮಾತ್ರ ಇಬ್ಬರೂ ಈಗ ಗಟ್ಟಿಯಾಗಿ ಕೂಗಿ ಹೇಳುತ್ತಾರಂತೆ.

ನೀಲಮ್ಮ ಕತೆ ನಿಲ್ಲಿಸಿದರು. ಬಕೆಟ್ಟಿನಿಂದ ಎತ್ತಿದ್ದ ಬಿಳಿ ಪೊರೆಯ ಚೂರನ್ನು ತಂದು ದೇಹದ ಮುಂಗೈ ಮೇಲೆ, ತೆಗೆದ ಜಾಗದಲ್ಲೇ ಇಟ್ಟರು. ಬಿಳಿ ಬಟ್ಟೆ ಹೊದಿಸಿದರು. ನಲ್ಲಿಯಲ್ಲಿ ಕೈ ತೊಳೆಯತೊಡಗಿದರು.

ಚನ್ನವೀರ ಚಿಮುಟ ಹಿಡಿದು ಕೂತೇ ಇದ್ದ. ಕಾವಲುಗಾರ ಮೂರನೆಯ ಸಲ ಬಾಗಿಲಿಗೆ ಬಂದ. ಅವರಿಬ್ಬರನ್ನು ನೋಡಿ ಅಲ್ಲೇ ನಿಂತ. ಚನ್ನವೀರ ಅವನ ಕಡೆ ನೋಡಲಿಲ್ಲ. ಏನಾದರೂ ಕೇಳಲೇಬೇಕು ಅನ್ನುವವನ ಹಾಗೆ ಕೇಳಿದ:

“ಹಾಗಾದರೆ ಆ ಗಾಯ ಕೂಡಿಸಿದ್ದು ನಿಂಬೆಹಣ್ಣೋ, ಅಣ್ಣನೋ ಮೇಡಂ?”

ನೀಲಮ್ಮ ಕೈ ಒರೆಸಿಕೊಳ್ಳುತ್ತಾ ಹೇಳಿದರು: “ನನ್ನನ್ನೇನು ಕೇಳುತ್ತೀಯೋ, ನಿನ್ನ ಅರ್ಧ ಹಿಡಿದುಕೊಂಡು ಬೆಳಿಗ್ಗೆಯಿಂದ ಗೇಟಿನಲ್ಲಿ ಕಾಯುತ್ತಿದ್ದಾಳಲ್ಲ, ಅವಳನ್ನು ಕೇಳು.”